ಲಿಂಕ್ ಒತ್ತಿದವರನ್ನು ನಾನು ಬೈಯುವುದಿಲ್ಲ

ಕಚೇರಿಯ ಕಂಪ್ಯೂಟರ್, ಇಮೇಲ್ ನೋಡಿಕೊಳ್ಳುವ ಕೆಲಸ ನನ್ನದು. "ಹೊಸ ವೈರಸ್ ಬಂದಿದೆಯಂತೆ, ಎಲ್ಲರಿಗೂ ತಿಳಿಸಿ" ಎಂಬ ಮೇಲ್ ಫಾರ್ವರ್ಡ್ ಮಾಡುವವರು ಸಾಮಾನ್ಯವಾಗಿ ಜೊತೆಯವರ ಬಗ್ಗೆ ಕಾಳಜಿ ಇರುವವರೇ. ಸುಳ್ಳು ಎಚ್ಚರಿಕೆ ಬದುಕುವುದು ಆ ಕಾಳಜಿಯ ಮೇಲೆಯೇ.

1994ರಲ್ಲಿ 'ಗುಡ್ ಟೈಮ್ಸ್' ಎಂಬ ಶೀರ್ಷಿಕೆಯ ಮೇಲ್ ಓದಿದರೆ ಸಾಕು, ಹಾರ್ಡ್ ಡಿಸ್ಕ್ ಅಳಿಸಿಹೋಗುತ್ತದೆ ಎಂಬ ಸುದ್ದಿ ಹಬ್ಬಿತ್ತು. ಅಂಥ ವೈರಸ್ಸೇ ಇರಲಿಲ್ಲ. 2002ರ ಸುಳ್ಳು ಇನ್ನೂ ಜಾಣತನದ್ದು. ಕರಡಿಮರಿಯ ಐಕಾನ್ ಇರುವ ಒಂದು ಫೈಲನ್ನು ಹುಡುಕಿ, ಸಿಕ್ಕರೆ ಅಳಿಸಿ ಎಂದಿತ್ತು. ಅದು ವಿಂಡೋಸ್ ಜೊತೆಗೇ ಬರುತ್ತಿದ್ದ ಫೈಲು, ಹುಡುಕಿದವರಿಗೆ ಸಿಗದೆ ಇರುತ್ತದೆಯೇ? ಸಿಕ್ಕಿದ್ದನ್ನೇ ಪುರಾವೆಯೆಂದು ನಂಬಿ ಜನ ಅಳಿಸಿದರು, ಪರಿಚಯದವರಿಗೂ ಕಳಿಸಿದರು.

ಹಾಗೆಂದು ಎಲ್ಲವೂ ಸುಳ್ಳಲ್ಲ. 2000ದ ಮೇ ತಿಂಗಳಲ್ಲಿ ಬಂದ 'ಐ ಲವ್ ಯೂ' ನಿಜವಾದದ್ದೇ. ಪ್ರೇಮಪತ್ರವೆಂದು ಬಂದ ಫೈಲಿನ ಹೆಸರಿನ ಕೊನೆಯ ಭಾಗವನ್ನು ವಿಂಡೋಸ್ ಮರೆಮಾಡುತ್ತಿದ್ದುದರಿಂದ ಅದು ಬರೀ ಟೆಕ್ಸ್ಟ್ ಫೈಲಿನಂತೆ ಕಾಣುತ್ತಿತ್ತು. ತೆರೆದವರ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತಾನೇ ಹೋಗುತ್ತಿತ್ತು. ಆದ್ದರಿಂದ "ಗೊತ್ತಿರುವವರೇ ಕಳಿಸಿದ್ದು" ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ.

ಈಗ ನನಗೆ ಹೆಚ್ಚು ಭಯ ಹುಟ್ಟಿಸುವುದು ವೈರಸ್ಸೇ ಇಲ್ಲದ ಮೇಲ್. ನಾವು ಹಣ ಕೊಡಬೇಕಾದ ಯಾವುದೋ ಕಂಪನಿಯ ಹೆಸರಿನಲ್ಲಿ ಕಳ್ಳರು ಹೀಗೆ ಬರೆಯುತ್ತಾರೆ: "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಬಿಲ್ಲಿನ ಹಣ ಹೊಸ ಖಾತೆಗೆ ಹಾಕಿ." ಇದರಲ್ಲಿ ಆಂಟಿವೈರಸ್ ಹಿಡಿಯುವಂಥದ್ದು ಏನೂ ಇಲ್ಲ. ಲೆಕ್ಕಪತ್ರ ವಿಭಾಗದವರಿಗೆ ನಾನು ಹೇಳುವುದು ಇಷ್ಟೇ: ಫೋನ್ ಮಾಡಿ ಕೇಳಿ, ಆದರೆ ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ, ನಮ್ಮ ಕಡತದಲ್ಲಿ ಮೊದಲಿನಿಂದ ಇರುವ ನಂಬರಿಗೆ. ತುರ್ತು ಎಂದಷ್ಟೂ ನಿಧಾನ ಮಾಡಿ. ಮೇಲಧಿಕಾರಿಯ ಹೆಸರಿನಲ್ಲಿ ಬಂದಿದ್ದರೂ ಅಷ್ಟೇ.

ಎಷ್ಟೇ ಹೇಳಿದರೂ ದಣಿದಿರುವ ಹೊತ್ತಿನಲ್ಲಿ ಯಾರಾದರೊಬ್ಬರು ಲಿಂಕ್ ಒತ್ತಿ ನಕಲಿ ಪುಟದಲ್ಲಿ ಮೇಲ್‌ನ ಪಾಸ್‌ವರ್ಡ್ ಕೊಟ್ಟುಬಿಡುತ್ತಾರೆ, ಇಲ್ಲವೇ ಕಳ್ಳರ ಖಾತೆಗೆ ಹಣ ಹಾಕಿಬಿಡುತ್ತಾರೆ. ಆಗ ಅವರನ್ನು ನಾಲ್ಕು ಜನರೆದುರು ಬೈದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ಬೇಗ ಗೊತ್ತಾದರೆ ಬ್ಯಾಂಕಿಗೆ ಹೇಳಿ ಹಣ ತಡೆಯುವ ಅವಕಾಶವಾದರೂ ಉಳಿದಿರುತ್ತದೆ.

ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆ ಲಾಗ್‌ಔಟ್ ಮಾಡಿಸಿದ ಮೇಲೆ ನಾನು ತಪ್ಪದೆ ನೋಡುವ ಇನ್ನೊಂದು ಜಾಗ ಮೇಲ್‌ಬಾಕ್ಸಿನ ಸೆಟ್ಟಿಂಗ್ಸ್. ಒಳಹೊಕ್ಕ ಕಳ್ಳರು ಬರುವ ಮೇಲ್‌ಗಳೆಲ್ಲ ತಮಗೂ ಬರುವಂತೆ ಅಲ್ಲಿ ಫಾರ್ವರ್ಡಿಂಗ್ ಹಾಕಿಟ್ಟಿರುವುದುಂಟು. ಪಾಸ್‌ವರ್ಡ್ ಬದಲಾಯಿತೆಂದು ಅದು ತಾನಾಗಿ ಹೋಗುವುದಿಲ್ಲ, ನಾವೇ ತೆಗೆಯಬೇಕು.