‘ಸೇವೆ ಅಂತೀರಿ, ಮತ್ತೆ ದುಡ್ಡು ಯಾಕೆ?’

ಹಳ್ಳಿಗಳಲ್ಲಿ ಕಡಿಮೆ ಖರ್ಚಿಗೆ ಹಲ್ಲಿನ ಚಿಕಿತ್ಸೆ ಕೊಡುವ ತಂಡವೊಂದರಲ್ಲಿ ನಾನು ಸಂಬಳವಿಲ್ಲದೆ ಕೆಲಸ ಮಾಡುವ ದಂತವೈದ್ಯೆ. ಹೊಸದಾಗಿ ಪರಿಚಯವಾದವರು ಎರಡು ಒಳ್ಳೆಯ ಮಾತಾಡಿ, ಮೂರನೆಯದಾಗಿ ಕೇಳುವುದು ಇದನ್ನೇ: ‘ಸೇವೆ ಅಂತೀರಿ, ಮತ್ತೆ ರೋಗಿಗಳ ಹತ್ತಿರ ದುಡ್ಡು ಯಾಕೆ ತಗೊಳ್ತೀರಿ?’ ದನಿಯಲ್ಲಿ ಒಂಚೂರು ಅನುಮಾನವೂ ಇರುತ್ತದೆ. ಇರಬೇಕಾದದ್ದೇ.

ನಮ್ಮ ಕೈಕೆಲಸಕ್ಕೆ ಯಾರೂ ಏನೂ ಕೊಡಬೇಕಾಗಿಲ್ಲ. ತಗೊಳ್ಳುವುದು ಸಾಮಾನಿನ ಖರ್ಚು ಮಾತ್ರ. ಒಂದು ಹಲ್ಲು ಕೀಳಬೇಕೆಂದರೂ ಮರಗಟ್ಟಿಸುವ ಮದ್ದು, ಹೊಸ ಸೂಜಿ, ಕೈಗವಸು, ಗಾಯಕ್ಕಿಡುವ ಗಾಜ್ ಬಟ್ಟೆ ಬೇಕು. ಇಕ್ಕಳವನ್ನು ಆಟೋಕ್ಲೇವಿನಲ್ಲಿಟ್ಟು, ಒತ್ತಡದ ಹಬೆಯಲ್ಲಿ, 121 ಡಿಗ್ರಿಯಲ್ಲಿ ಕನಿಷ್ಠ 15 ನಿಮಿಷ ಬಿಡಬೇಕು. ಅದು ನಡೆಯುವುದು ಮನೆಯ ಕುಕ್ಕರಿನ ಲೆಕ್ಕದಲ್ಲೇ. ‘ನೀರಲ್ಲಿ ಕುದಿಸಿದರೆ ಸಾಲದೇ?’ ಅನ್ನುವವರಿದ್ದಾರೆ. ಸಾಲದು. ಕೆಲವು ಬ್ಯಾಕ್ಟೀರಿಯಾಗಳ ಬೀಜಕಗಳು ಕುದಿಯುವ ನೀರಿಗೆ ಜಗ್ಗುವುದಿಲ್ಲ. ಲಿವರ್ ಕೆಡಿಸುವ ಹೆಪಟೈಟಿಸ್ ಬಿ ವೈರಸ್ ಒಂದು ಬಾಯಿಂದ ಇನ್ನೊಂದು ಬಾಯಿಗೆ ದಾಟಲು ಸರಿಯಾಗಿ ಶುದ್ಧಮಾಡದ ಒಂದು ಉಪಕರಣ ಸಾಕು. ಈ ಖರ್ಚಿನಲ್ಲಿ ಕೈ ಹಿಡಿತ ಮಾಡುವಂತಿಲ್ಲ.

‘ದಾನಿಗಳು ಕೊಡಲ್ವಾ?’ ಕೊಡುತ್ತಾರೆ, ಶಿಬಿರಕ್ಕೆ. ಬ್ಯಾನರು, ಫೋಟೋ, ಸಂಜೆಗೆ ಒಂದು ಸಂಖ್ಯೆ. ಒಂದೇ ದಿನದಲ್ಲಿ ಸಂಖ್ಯೆ ಏರಬೇಕೆಂದರೆ ಹಲ್ಲು ಕೀಳಬೇಕು. ಅಗ್ಗ, ಬೇಗ, ಅಲ್ಲಿಗೇ ಮುಗಿಯಿತು. ಉಳಿಸಿದ ಹಲ್ಲು ಫೋಟೋದಲ್ಲಿ ಕಾಣುವುದಿಲ್ಲ. ಮಕ್ಕಳಿಗೆ ಆರನೇ ವಯಸ್ಸಿನ ಸುಮಾರಿಗೆ, ಯಾವ ಹಾಲುಹಲ್ಲೂ ಬೀಳದೆಯೇ, ಹಿಂದುಗಡೆ ಒಂದು ದವಡೆ ಹಲ್ಲು ಮೂಡುತ್ತದೆ. ಅದು ಶಾಶ್ವತದ ಹಲ್ಲು. ಮೊದಲು ಹುಳುಕಾಗುವುದು ಹೆಚ್ಚಾಗಿ ಅದೇ. ‘ಹೆಂಗೂ ಬಿದ್ದುಹೋಗೋ ಹಲ್ಲಲ್ವಾ ಡಾಕ್ಟ್ರೇ, ಕಿತ್ತಾಕಿ’ ಅನ್ನುತ್ತಾರೆ ತಂದೆತಾಯಂದಿರು. ಅವಸರದ ಶಿಬಿರದಲ್ಲಿ ಕಿತ್ತೂ ಬಿಡುತ್ತಾರೆ.

ಆ ಹಲ್ಲನ್ನು ಉಳಿಸಲು ದೊಡ್ಡ ಆಸ್ಪತ್ರೆ ಬೇಕಿಲ್ಲ, ಕರೆಂಟೂ ಬೇಕಿಲ್ಲ. 1980ರ ದಶಕದಲ್ಲಿ ತಾಂಜಾನಿಯಾದಲ್ಲಿ ಶುರುವಾದ ಎ.ಆರ್.ಟಿ. (ಅಟ್ರಾಮ್ಯಾಟಿಕ್ ರೆಸ್ಟೊರೇಟಿವ್ ಟ್ರೀಟ್‌ಮೆಂಟ್) ಅನ್ನುವ ವಿಧಾನವಿದೆ. ಮೆತ್ತಗಾದ ಹುಳುಕನ್ನು ಕೈ ಉಪಕರಣದಿಂದಲೇ ಕೆರೆದು ತೆಗೆದು, ಗ್ಲಾಸ್ ಐಯೊನೊಮರ್ ಸಿಮೆಂಟ್ ತುಂಬುವುದು. ಡ್ರಿಲ್ಲಿನ ಸದ್ದಿಲ್ಲ, ಹೆಚ್ಚಿನ ಸಲ ಸೂಜಿಯೂ ಬೇಡ. ಆ ಸಿಮೆಂಟ್ ಹಲ್ಲಿಗೆ ತಾನೇ ಅಂಟಿಕೊಂಡು, ಸುತ್ತ ಸ್ವಲ್ಪಸ್ವಲ್ಪವೇ ಫ್ಲೋರೈಡ್ ಬಿಡುತ್ತದೆ. ಹಲ್ಲಿನ ಒಂದೇ ಬದಿಯಲ್ಲಿರುವ ಕುಳಿಯಲ್ಲಿ ಅದು ಚೆನ್ನಾಗಿ ಬಾಳುತ್ತದೆ. ಎರಡು ಹಲ್ಲಿನ ಸಂದಿನ ಕುಳಿಯಾದರೆ ಅಷ್ಟು ಭರವಸೆ ಕೊಡಲಾರೆ. ಪುಟ್ಟ ಮಕ್ಕಳ ಹಾಲುಹಲ್ಲಿಗೆ ಇನ್ನೂ ಸುಲಭದ ದಾರಿ, 38 ಶೇಕಡಾ ಸಿಲ್ವರ್ ಡಯಮೈನ್ ಫ್ಲೋರೈಡ್ ದ್ರಾವಣದ ಒಂದು ಹನಿ ಹಚ್ಚುವುದು. ಹುಳುಕು ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ಆದರೆ ಹುಳುಕಿನ ಜಾಗ ಕಪ್ಪಗಾಗಿ ಹಾಗೇ ಉಳಿಯುತ್ತದೆ. ಹಚ್ಚುವ ಮೊದಲೇ ಇದನ್ನು ತಾಯಿಗೆ ಹೇಳಬೇಕು, ಹಚ್ಚಿದ ಮೇಲಲ್ಲ. ಆ ಸಿಮೆಂಟನ್ನೂ ಈ ದ್ರಾವಣವನ್ನೂ, ಜೊತೆಗೆ ಫ್ಲೋರೈಡ್ ಟೂತ್‌ಪೇಸ್ಟನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಆದರೆ ಸಿಮೆಂಟಿನ ಡಬ್ಬಿ ಖಾಲಿಯಾಗುತ್ತದೆ, ಮುಂದಿನ ತಿಂಗಳಿಗೆ ಇನ್ನೊಂದು ಬೇಕಾಗುತ್ತದೆ. ದಾನ ಬರುವ ತಿಂಗಳಲ್ಲಿ ಸಿಮೆಂಟ್, ಬರದ ತಿಂಗಳಲ್ಲಿ ಇಕ್ಕಳ ಅಂತಾಗಬಾರದು. ನಾವು ತಗೊಳ್ಳುವ ದುಡ್ಡು ಆ ಡಬ್ಬಿಗೆ.

‘ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇರಲ್ಲ, ಅದಕ್ಕೇ ತಗೊಳ್ಳೋದು’ ಎಂದು ನಮ್ಮವರೇ ಕೆಲವರು ಸಮರ್ಥಿಸುತ್ತಾರೆ. ನನಗೆ ಒಪ್ಪಿಗೆಯಿಲ್ಲ. ರಾತ್ರಿಯಿಡೀ ದವಡೆ ಹಿಡಿದು ಕೂತವರಿಗೆ ಚಿಕಿತ್ಸೆಯ ಬೆಲೆ ಯಾರೂ ಕಲಿಸಬೇಕಾಗಿಲ್ಲ. ಅವರಿಗೆ ನಿಜವಾಗಿ ಭಾರವಾಗುವುದು ನಮ್ಮ ಚೀಟಿಯ ದುಡ್ಡಿಗಿಂತ ಪ್ರಯಾಣದ ಖರ್ಚು, ತಪ್ಪಿದ ದಿನದ ಕೂಲಿ. ಹಾಗಾಗಿ ಗೊತ್ತುಮಾಡಿದ ದಿನ ನಾವು ಅಲ್ಲಿರಲೇಬೇಕು. ಬಂದವರನ್ನು ಬಾಗಿಲಿನಿಂದ ವಾಪಸ್ ಕಳಿಸಿದರೆ ಎರಡು ದಿನದ ಕೂಲಿ ಕಿತ್ತುಕೊಂಡಂತೆ. ಕೊಡಲಾಗದವರು ಯಾರೆಂದು ಹೆಸರು ಬರೆದುಕೊಳ್ಳುವ ಊರಿನವರಿಗೇ ಗೊತ್ತಿರುತ್ತದೆ. ಅವರು ತೀರ್ಮಾನಿಸುತ್ತಾರೆ, ಪುರಾವೆ ಕೇಳುವುದಿಲ್ಲ. ಕುರ್ಚಿಯಲ್ಲಿ ಕೂತವರು ದುಡ್ಡು ಕೊಟ್ಟರೋ ಇಲ್ಲವೋ ನನಗೆ ತಿಳಿಯುವುದಿಲ್ಲ, ತಿಳಿಯುವುದೂ ಬೇಡ.

ರೂಟ್ ಕೆನಾಲ್ ಮಾಡುವುದಿಲ್ಲವೇ ಅಂದರೆ, ಮತ್ತೆ ಬರುವ ಖಾತ್ರಿ ಇರುವ ಕಡೆ ಮಾತ್ರ. ಹಲ್ಲು ತೆರೆದು ಅರ್ಧಕ್ಕೇ ಬಿಟ್ಟರೆ ನೋವು, ಕೀವು ಎಲ್ಲ ಮರಳಿ ಬರುತ್ತವೆ. ಅದಕ್ಕಿಂತ ಶುರು ಮಾಡದಿರುವುದೇ ಮೇಲು.

ಹಾಗಂತ ಉಚಿತ ಶಿಬಿರಕ್ಕೆ ನಾನು ಹೋಗುವುದೇ ಇಲ್ಲ ಅಂತಲ್ಲ. ಕರೆದವರನ್ನು ಒಂದು ಮಾತು ಕೇಳುತ್ತೇನೆ. ಹಲ್ಲು ಕಿತ್ತ ಜಾಗದಲ್ಲಿ ರಕ್ತದ ಹೆಪ್ಪು ನಿಲ್ಲದಿದ್ದರೆ ಒಂದೆರಡು ದಿನ ಬಿಟ್ಟು ಕಿವಿಯವರೆಗೂ ಸಿಡಿಯುವ ನೋವು ಬರುತ್ತದೆ. ಅಷ್ಟರಲ್ಲಿ ಶಾಮಿಯಾನ ಬಿಚ್ಚಿ ಎಲ್ಲರೂ ಹೊರಟಿರುತ್ತಾರೆ. ಆಗ ಆ ರೋಗಿಯನ್ನು ನೋಡುವವರು ಯಾರು? ಅದಕ್ಕೊಂದು ಹೆಸರು, ಒಂದು ಫೋನ್ ನಂಬರ್ ಕೊಟ್ಟರೆ ಖಂಡಿತ ಬರುತ್ತೇನೆ, ಯಾರಿಂದಲೂ ಏನೂ ತಗೊಳ್ಳದೆ.