ಪ್ಲಾಟಿನಂ ನಿಕ್ಷೇಪಕ್ಕೆ ಭೂಚಿಪ್ಪು ಕೊಡುವುದೇನು?

ಕಾರವಾರದ ಕಡಲಂಚಿನಲ್ಲಿ ನೀಸ್ ಎಂಬ ಪಟ್ಟೆಪಟ್ಟೆಯ ಬಂಡೆಯನ್ನು ಸೀಳಿಕೊಂಡು ಹೋದ ಕಪ್ಪು ಡೈಕುಗಳನ್ನು (ಕರಗಿದ ಶಿಲೆ ಬಿರುಕಿಗೆ ನುಗ್ಗಿ ಗಟ್ಟಿಯಾದ ಗೋಡೆಗಳನ್ನು) ತೋರಿಸಿ, ಇಂತಹ ಶಿಲೆಯಲ್ಲಿ ಪ್ಲಾಟಿನಂ ಸಿಗಬಹುದಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜವಾದದ್ದೇ, ಆದರೆ ಶಿಲಾಪಾಕ, ಅಂದರೆ ಕರಗಿದ ಶಿಲೆ, ಭೂಚಿಪ್ಪಿನ ಕೆಳಗಿನ ಮ್ಯಾಂಟಲ್‌ನಿಂದ ಬಂದರಷ್ಟೇ ಸಾಲದು, ಅದರಲ್ಲಿ ಚದುರಿಹೋದ ಲೋಹ ಒಂದೆಡೆ ಸೇರಬೇಕು.

ಸೇರಿಸುವ ಕೆಲಸ ಸಲ್ಫೈಡ್ ದ್ರವದ್ದು, ಅಂದರೆ ಲೋಹವೂ ಗಂಧಕವೂ ಕೂಡಿ ಶಿಲಾಪಾಕದಿಂದ ಹನಿಹನಿಯಾಗಿ ಬೇರ್ಪಡುವ ದ್ರವದ್ದು. ಪ್ಲಾಟಿನಂ, ಅದರ ಗುಂಪಿನದೇ ಆದ ಪಲ್ಲಾಡಿಯಂಗಳು ಶಿಲಾಪಾಕದ ಉಳಿದ ಭಾಗವಾದ ಸಿಲಿಕೇಟ್ ದ್ರವಕ್ಕಿಂತ ಸಲ್ಫೈಡ್ ಹನಿಗಳನ್ನು ಹತ್ತಾರು ಸಾವಿರ ಪಟ್ಟು, ಕೆಲವೊಮ್ಮೆ ಲಕ್ಷ ಪಟ್ಟಿಗೂ ಮೀರಿ ಬಯಸುತ್ತವೆ. ತೊಡಕೆಂದರೆ, ಶಿಲಾಪಾಕ ಮೇಲೇರುತ್ತ ಒತ್ತಡ ಇಳಿದಂತೆ ಹೆಚ್ಚು ಗಂಧಕವನ್ನು ಕರಗಿಸಿಟ್ಟುಕೊಳ್ಳಬಲ್ಲದಾಗುತ್ತದೆ. ಹಾಗಾಗಿ ಸಲ್ಫೈಡ್ ತಾನಾಗಿಯೇ ಬೇರ್ಪಡುವುದು ತಡವಾಗುತ್ತದೆ. ಸುತ್ತಲಿನ ಭೂಚಿಪ್ಪು ಕರಗಿ ಬೆರೆತಾಗ ಈ ತಡೆ ಮುರಿಯಬಹುದು. ಬೆರೆತ ಶಿಲೆಯೇ ಗಂಧಕ ತರಬಹುದು, ಇಲ್ಲವೇ ಅದರ ಸಿಲಿಕಾ ಶಿಲಾಪಾಕದ ಗಂಧಕ ಕರಗಿಸುವ ಶಕ್ತಿಯನ್ನು ಕುಗ್ಗಿಸಬಹುದು. ಸೈಬೀರಿಯಾದ ನೊರಿಲ್ಸ್ಕ್‌ನಲ್ಲಿ ಸುಮಾರು 25 ಕೋಟಿ ವರ್ಷಗಳ ಹಿಂದೆ ಶಿಲಾಪಾಕವು ಅನ್‌ಹೈಡ್ರೈಟ್ ಎಂಬ ಗಂಧಕಯುಕ್ತ ಖನಿಜವಿರುವ ಪದರಗಳನ್ನೂ ಕಲ್ಲಿದ್ದಲನ್ನೂ ಹಾದು ಬಂದಿತು. ಅಲ್ಲಿನ ಅದಿರಿನ ಗಂಧಕದ ಐಸೊಟೋಪುಗಳ (ತೂಕ ಬೇರೆಬೇರೆಯಾದ ಗಂಧಕದ ಪರಮಾಣುಗಳ) ಅನುಪಾತಗಳು ಮ್ಯಾಂಟಲ್‌ನ ಗಂಧಕದ ಮೌಲ್ಯದಿಂದ ಬಹಳ ದೂರವಿದ್ದು, ಹೊರಗಿನ ಗಂಧಕಕ್ಕೆ ಸಾಕ್ಷಿ ಹೇಳುತ್ತವೆ.

ಆದರೆ ಹೆಚ್ಚು ಬೆರೆತಷ್ಟೂ ಒಳ್ಳೆಯದೆಂಬ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಒಂದು ಪಾಲು ಸಲ್ಫೈಡ್ ಎಷ್ಟು ಪಾಲು ಶಿಲಾಪಾಕದೊಡನೆ ಒಡನಾಡಿತು ಎಂಬುದನ್ನು ಆರ್-ಅಂಶ ಎನ್ನುತ್ತಾರೆ. 1979ರಲ್ಲಿ ಕ್ಯಾಂಪ್ಬೆಲ್ ಮತ್ತು ನಾಲ್ಡ್ರೆಟ್ ಇದನ್ನು ಸೂತ್ರವಾಗಿ ಬರೆದರು. ಲಕ್ಷ ಪಟ್ಟು ಒಲವಿರುವ ಲೋಹ ಶಿಲಾಪಾಕದ ಪ್ರತಿ ಟನ್ನಿನಲ್ಲಿ 0.01 ಗ್ರಾಂ ಇದೆಯೆಂದು ಊಹಿಸಿಕೊಳ್ಳಿ. ಆರ್-ಅಂಶ 100 ಇದ್ದರೆ ಸಲ್ಫೈಡ್‌ನಲ್ಲಿ ಟನ್ನಿಗೆ ಸುಮಾರು 1 ಗ್ರಾಂ ಮಾತ್ರ ಸೇರುತ್ತದೆ. 1,00,000 ಇದ್ದರೆ ಸುಮಾರು 500 ಗ್ರಾಂ. ಬೆಣ್ಣೆಯ ಒಂದು ಮುದ್ದೆಗೆ ಎಷ್ಟು ಮಜ್ಜಿಗೆ ಕಡೆದಿದ್ದೇವೆ ಎಂಬುದೇ ಇಲ್ಲಿಯೂ ನಿರ್ಣಾಯಕ. ಭೂಚಿಪ್ಪು ಒಮ್ಮೆಲೇ ಹೇರಳ ಗಂಧಕ ಸುರಿದರೆ ಸಲ್ಫೈಡ್ ಹೆಚ್ಚುತ್ತದೆ, ಲೋಹ ತೆಳುವಾಗುತ್ತದೆ.

ದಕ್ಷಿಣ ಆಫ್ರಿಕಾದ ಬುಷ್‌ವೆಲ್ಡ್ ಈ ಮಾತಿಗೆ ಒಳ್ಳೆಯ ಪಾಠ. ಸುಮಾರು 205 ಕೋಟಿ ವರ್ಷ ಹಳೆಯ ಆ ಶಿಲಾರಾಶಿಯ ಮೆರೆನ್‌ಸ್ಕಿ ಪದರದಲ್ಲಿ ಸಲ್ಫೈಡ್ ಅಲ್ಪ, ಪ್ಲಾಟಿನಂ ಸಮೃದ್ಧ. ಉತ್ತರ ಭಾಗದ ಪ್ಲಾಟ್‌ರೀಫ್ ಮಾತ್ರ ಡಾಲೊಮೈಟ್, ಶೇಲ್, ಗ್ರಾನೈಟ್ ನೀಸ್‌ಗಳ ಮೇಲೆ ನೇರವಾಗಿ ಕೂತಿದೆ. ಅಲ್ಲಿ ಲೋಹ ಹೊತ್ತ ಸಲ್ಫೈಡ್ ಆಳದಲ್ಲಿ ಮೊದಲೇ ರೂಪುಗೊಂಡಿತ್ತೆಂದೂ, ಸ್ಥಳೀಯ ಗಂಧಕ ಆಮೇಲೆ ಬೆರೆತು ಅದನ್ನು ತೆಳುವಾಗಿಸಿತೆಂದೂ ಹಲವು ಸಂಶೋಧಕರು ವಾದಿಸಿದ್ದಾರೆ. ಬೆರಕೆ ಯಾವಾಗ ಆಯಿತು ಎಂಬುದು ಎಷ್ಟಾಯಿತು ಎಂಬುದಕ್ಕಿಂತ ಮುಖ್ಯವೆಂದು ನನಗೆ ತೋರುವುದು ಇದರಿಂದಲೇ.

ಈ ದೃಷ್ಟಿಯಿಂದ ನಮ್ಮ ಕರಾವಳಿಯ ಡೈಕುಗಳು ನೀಸ್ ತುಣುಕುಗಳನ್ನು ನುಂಗಿದ್ದರೂ ಅವುಗಳಿಗೆ ದಕ್ಕಿದ್ದು ಹೆಚ್ಚಾಗಿ ಸಿಲಿಕಾ. ನೀಸ್‌ನಲ್ಲಿ ಗಂಧಕ ಸಾಮಾನ್ಯವಾಗಿ ತೀರ ಕಡಿಮೆ. ಕುತೂಹಲವಿರುವವರು ಘಟ್ಟ ಹತ್ತಿ ದಾವಣಗೆರೆ ಜಿಲ್ಲೆಯ ಹನುಮಲಾಪುರದ ಕಡೆ ಗಮನ ಹರಿಸಲಿ. ಶಿವಮೊಗ್ಗ ಶಿಸ್ಟ್ ಪಟ್ಟಿಗೆ (ಪ್ರಾಚೀನ ರೂಪಾಂತರಿತ ಶಿಲೆಗಳ ಪಟ್ಟಿಗೆ) ಸೇರಿದ ಅಲ್ಲಿನ ಪದರಶಿಲೆಗಳಲ್ಲಿ ಪ್ಲಾಟಿನಂ ಗುಂಪಿನ ಲೋಹಗಳು ಪತ್ತೆಯಾಗಿವೆ. ಗಂಧಕ ಹೊರಗಿನಿಂದ ಬಂದಿತೇ ಎಂದು ತಿಳಿಯಲು ಗಂಧಕದ ಐಸೊಟೋಪು ಮತ್ತು ಗಂಧಕ-ಸೆಲೆನಿಯಂ ಅನುಪಾತಗಳನ್ನು ಒಟ್ಟಿಗೆ ಇಟ್ಟು ಓದಬೇಕಾದ ಶಿಲೆಗಳು ಅವು.