'ವಿದಾಯ'ದ ಹಣೆಪಟ್ಟಿಯ ಕೆಳಗೆ ಒಂದು ಸಂಜೆ

ಸೀಸನ್ನಿನ ಕಛೇರಿಗಳಿಗೆಲ್ಲ ಸೇರಿಸಿ ಒಂದೇ ಹೆಸರಿಡುವುದು ಪಾಶ್ಚಾತ್ಯ ಸಂಗೀತದ ದೊಡ್ಡ ವಾದ್ಯವೃಂದಗಳಾದ ಸಿಂಫನಿ ಆರ್ಕೆಸ್ಟ್ರಾಗಳಲ್ಲಿ ಈಗ ರೂಢಿಯಾಗಿಬಿಟ್ಟಿದೆ. ಒಂದು ವರ್ಷ ಕಡಲು, ಮತ್ತೊಂದು ವರ್ಷ ಇರುಳು, ಇನ್ನೊಮ್ಮೆ ವಿಧಿ. ಮೊದಲು ಹೆಸರು ಹುಡುಕಿ ಆಮೇಲೆ ಕೃತಿಗಳನ್ನು ಅದಕ್ಕೆ ಹೊಂದಿಸುತ್ತಾರೇನೋ ಎಂಬ ಗುಮಾನಿ ನನಗೆ ಮೊದಲಿನಿಂದಲೂ ಇದೆ. ಈ ಸಲದ ಹೆಸರು 'ವಿದಾಯ'. ಪುಸ್ತಿಕೆಗೆ ಬೂದು ಬಣ್ಣದ ರಕ್ಷಾಪುಟ, ಅದರ ಮೇಲೊಂದು ಖಾಲಿ ಕುರ್ಚಿ. ಕರವಸ್ತ್ರ ಮರೆಯದೆ ತನ್ನಿ ಎಂದು ಬರೆದಿರಲಿಲ್ಲ, ಅಷ್ಟೇ.

ನಾನು ಹೋದ ಸಂಜೆ ಮೊದಲು ಹೈಡನ್‌ನ 45ನೆಯ ಸಿಂಫನಿ (ಇಡೀ ವಾದ್ಯವೃಂದಕ್ಕೆ ಬರೆದ, ಹಲವು ಭಾಗಗಳ ದೊಡ್ಡ ಕೃತಿ), ಅನಂತರ ರಿಚರ್ಡ್ ಸ್ಟ್ರಾಸ್‌ನ 'ನಾಲ್ಕು ಕೊನೆಯ ಹಾಡುಗಳು', ವಿರಾಮದ ಮೇಲೆ ಚೈಕೋವ್ಸ್ಕಿಯ 6ನೆಯ ಸಿಂಫನಿ. ಜೊತೆಗೆ ಬಂದಿದ್ದ ಗೆಳತಿ ಹವ್ಯಾಸಿ ವಾದ್ಯವೃಂದವೊಂದರಲ್ಲಿ ಎರಡನೆಯ ಪಿಟೀಲು ನುಡಿಸುತ್ತಾಳೆ. ಎರಡನೆಯ ಪಿಟೀಲಿನವರಿಗೆ ಲೋಕದ ಮೇಲೊಂದು ತಕರಾರು ಇದ್ದೇ ಇರುತ್ತದೆ: ಇಂಪೆಲ್ಲ ಮೊದಲ ಪಿಟೀಲಿಗೆ, ದುಡಿಮೆಯೆಲ್ಲ ನಮಗೆ ಎಂದು. ವೇದಿಕೆಯ ಕುರ್ಚಿಗಳನ್ನು ಕಂಡೊಡನೆ ಅವಳ ಮುಖ ಅರಳಿತು. ಮೊದಲ ಪಿಟೀಲಿನವರು ಎಡಕ್ಕೆ, ಎರಡನೆಯವರು ಅವರಿಗೆ ಎದುರಾಗಿ ಬಲಕ್ಕೆ. 19ನೆಯ ಶತಮಾನದಲ್ಲಿ ಬಳಕೆಯಲ್ಲಿದ್ದ ಕ್ರಮ ಅದು. "ಇವತ್ತು ನಮ್ಮವರ ಮುಖವಾದರೂ ಕಾಣುತ್ತದೆ" ಎಂದಳು. ಓಬೊ ಎಂಬ ಊದುವಾದ್ಯ ಶ್ರುತಿ ಕೊಟ್ಟಿತು, ಉಳಿದವರು ಅದಕ್ಕೆ ಕೂಡಿಸಿಕೊಂಡರು, ದೀಪಗಳು ಇಳಿದವು.

ಹೈಡನ್‌ನ ಈ ಸಿಂಫನಿ 1772ರದ್ದು. ಅದರ ಹಿಂದಿನ ಕಥೆ ಪ್ರಸಿದ್ಧ. ಹೈಡನ್ ಮತ್ತವನ ವಾದಕರ ಒಡೆಯ ರಾಜಕುಮಾರ ನಿಕೊಲಾಸ್ ಎಸ್ಟರ್‌ಹಾಜಿ ಬೇಸಿಗೆಯ ಅರಮನೆ ಬಿಟ್ಟು ಹೊರಡುವ ಸೂಚನೆಯೇ ಇಲ್ಲ, ವಾದಕರ ಹೆಂಡಿರು ಮಕ್ಕಳೆಲ್ಲ ಐಸೆನ್‌ಸ್ಟಾಟ್‌ನಲ್ಲಿ. ಬಾಯಿಬಿಟ್ಟು ಕೇಳುವ ಧೈರ್ಯ ಯಾರಿಗಿದೆ? ಹೈಡನ್ ಅದನ್ನು ಸ್ವರದಲ್ಲಿ ಕೇಳಿದ. ಬಿರುಸಾಗಿ ಓಡುತ್ತಿದ್ದ ಕೊನೆಯ ಭಾಗ ಇದ್ದಕ್ಕಿದ್ದಂತೆ ನಿಂತು ಅದರ ಬೆನ್ನಿಗೆ ನಿಧಾನಗತಿಯ ಸಂಗೀತ ಶುರುವಾಗುತ್ತದೆ. ಓಬೊದವನೊಬ್ಬ, ಹಾರ್ನಿನವನೊಬ್ಬ ತಮ್ಮ ಪಾಲಿನ ನಾಲ್ಕು ಮಾತು ನುಡಿಸಿ ಎದ್ದು ಹೊರಟರು. ಬಸೂನಿನವನಿಗೆ ಆ ಭಾಗ್ಯವೂ ಇಲ್ಲ, ಸುಮ್ಮನೆ ಎದ್ದು ಹೋಗಬೇಕು. ಡಬಲ್ ಬಾಸಿಗೆ ಮಾತ್ರ ಹೈಡನ್ ಉದಾರಿ. ಹೋಗುವ ಮುನ್ನ ಅದಕ್ಕೊಂದು ಉದ್ದನೆಯ ಓಟವನ್ನೇ ಬರೆದಿದ್ದಾನೆ. ಅದನ್ನು ಮುಗಿಸಿದ ಹೆಂಗಸು ಆಳೆತ್ತರದ ವಾದ್ಯವನ್ನು ಎತ್ತಿಕೊಂಡು ಕುರ್ಚಿಗಳ ನಡುವೆ ಓರೆಯಾಗಿ ನುಸುಳುವಾಗ ಸಭೆಯಲ್ಲಿ ನಗು ತಡೆಯಲಾಗಲಿಲ್ಲ. ವಾದ್ಯವೃಂದವನ್ನು ನಡೆಸುವ ಕಂಡಕ್ಟರ್ ಕೂಡ ಗಡಿಯಾರ ನೋಡುವಂತೆ ನಟಿಸಿದ. ಇದು ನನಗೆ ಸ್ವಲ್ಪ ಅತಿಯೆನ್ನಿಸಿತು. ಕೊನೆಗೆ ಉಳಿಯುವುದು ಎರಡೇ ಪಿಟೀಲು. ಅಂದು ಅವುಗಳಲ್ಲಿ ಒಂದನ್ನು ಹೈಡನ್ನೇ ನುಡಿಸಿದನಂತೆ. ಮರುದಿನವೇ ಪರಿವಾರ ಊರಿಗೆ ಹೊರಟಿತಂತೆ.

ಎಲ್ಲಿಯ ಶೋಕ? ಇದೊಂದು ರಜೆ ಅರ್ಜಿ, ಅದೂ ಮಂಜೂರಾದದ್ದು. ಆದರೆ ಪುಸ್ತಿಕೆಯ ಟಿಪ್ಪಣಿಯಲ್ಲಿ 'ಬದುಕಿನ ಕ್ಷಣಿಕತೆ'ಯ ಬಗ್ಗೆ ಒಂದು ಇಡೀ ಪರಿಚ್ಛೇದವಿತ್ತು.

ಸ್ಟ್ರಾಸ್‌ನ ಹಾಡುಗಳ ಬಗ್ಗೆ ಹೆಚ್ಚು ಬರೆಯಲಾರೆ. ಗಾಯಕಿಯ ಕಂಠಕ್ಕೆ ಆ ಉದ್ದನೆಯ ಸಾಲುಗಳು ಅಂದು ಒಗ್ಗಲಿಲ್ಲ. 'ಸೆಪ್ಟೆಂಬರ್' ಹಾಡಿನ ಕೊನೆಯಲ್ಲಿ ಬರುವ ಒಂಟಿ ಹಾರ್ನ್ ಮಾತ್ರ ಅದ್ಭುತವಾಗಿತ್ತು. ಸ್ಟ್ರಾಸ್‌ನ ತಂದೆ ಹಾರ್ನ್ ವಾದಕ, ಮಗನಿಗೆ ಆ ವಾದ್ಯದ ಮರ್ಮವೆಲ್ಲ ಗೊತ್ತಿತ್ತು. ತಮಾಷೆಯೆಂದರೆ ಆ ಶೀರ್ಷಿಕೆ ಸ್ಟ್ರಾಸ್‌ನದಲ್ಲ. 1948ರಲ್ಲಿ ಬರೆದ ಈ ಹಾಡುಗಳು ಅಚ್ಚಾದದ್ದು ಅವನು ತೀರಿಕೊಂಡ ಮೇಲೆ. ಒಂದು ಸಾಲಾಗಿ ಜೋಡಿಸಿ ಹೆಸರಿಟ್ಟವನು ಪ್ರಕಾಶನ ಸಂಸ್ಥೆಯಲ್ಲಿದ್ದ ಗೆಳೆಯ ಎರ್ನ್ಸ್ಟ್ ರಾತ್. ಅಷ್ಟೇ ಅಲ್ಲ, ಇವು ಮುಗಿದ ಮೇಲೆ ಅದೇ ವರ್ಷದ ನವೆಂಬರ್‌ನಲ್ಲಿ ಸ್ಟ್ರಾಸ್ 'ಮಾಲ್ವೆನ್' ಎಂಬ ಇನ್ನೊಂದು ಹಾಡನ್ನೂ ಬರೆದ. ಕೊನೆಯ ಹಾಡುಗಳು ಕೊನೆಯವೇ ಅಲ್ಲ!

ವಿರಾಮದಲ್ಲಿ ಇದನ್ನು ಹೇಳಿದಾಗ ಗೆಳತಿ ಕಿವಿಗೊಡಲಿಲ್ಲ. "ಚೈಕೋವ್ಸ್ಕಿಯ ಕೊನೆಯ ಭಾಗ ಶುರುವಾದಾಗ ಬಲಗಡೆಯವರನ್ನಷ್ಟೇ ಕೇಳು" ಎಂದು ಆಜ್ಞೆ ಮಾಡಿದಳು.

ಅಲ್ಲಿಗೆ ತಲುಪುವ ಮುನ್ನ ದಾಟಬೇಕಾದದ್ದು ಬಹಳ. ಎರಡನೆಯ ಭಾಗ ಐದೆಣಿಕೆಯ ನೃತ್ಯ. ಕುಣಿಯಹೊರಟರೆ ಕಾಲು ತೊಡರುತ್ತದೆ, ಕೇಳಿದರೆ ಬಳುಕುತ್ತದೆ. ಮೂರನೆಯದರ ದಂಡಯಾತ್ರೆಯಂಥ ಅಬ್ಬರ ಮುಗಿದದ್ದೇ ತಡ, ಎಂದಿನಂತೆ ಚಪ್ಪಾಳೆ. ಕೃತಿ ಪೂರ್ತಿ ಮುಗಿಯುವ ಮುನ್ನ ಚಪ್ಪಾಳೆ ತಟ್ಟಬಾರದೆಂಬುದು ರೂಢಿ, ಹಾಗಾಗಿ ಕೆಲವರು ಸಿಡುಕಿನಿಂದ ಹಿಂದೆ ತಿರುಗಿ ನೋಡಿದರು. ನನ್ನ ಮಟ್ಟಿಗೆ ಅದು ತಪ್ಪಲ್ಲ. ಮುಗಿಯಿತು ಎಂದು ನಂಬಿಸಲೆಂದೇ ಅಷ್ಟು ಸದ್ದು ಮಾಡಿಸಿದ್ದಾನೆ, ನಂಬಿದವರನ್ನು ದೂರುವುದೇಕೆ?

ನಾಲ್ಕನೆಯ ಭಾಗ ಅಳುವಿನಂತೆ ಕೆಳಗಿಳಿಯುವ ಒಂದು ಧಾಟಿಯಿಂದ ಆರಂಭ. ಹೇಳಿದ ಹಾಗೆ ಬಲಗಡೆಗೆ ಕಿವಿ ನೆಟ್ಟೆ. ಅಲ್ಲಿ ಆ ಧಾಟಿಯೇ ಇಲ್ಲ! ಮೇಲಕ್ಕೂ ಕೆಳಕ್ಕೂ ಹಾರುವ ಅಡ್ಡಾದಿಡ್ಡಿ ಸ್ವರಗಳಷ್ಟೇ. ಎಡಗಡೆಗೆ ಕಿವಿ ಹೊರಳಿಸಿದರೆ ಅಲ್ಲಿಯೂ ಅಂಥದೇ ಚೂರುಗಳು. ಚೈಕೋವ್ಸ್ಕಿ ಒಂದು ಸ್ವರ ಇವರಿಗೆ, ಮುಂದಿನದು ಅವರಿಗೆ ಎಂದು ಹಂಚಿಬಿಟ್ಟಿದ್ದಾನೆ. ನಾವೆಲ್ಲ ಕೇಳುವ ಆ ಇಳಿಧಾಟಿಯನ್ನು ವೇದಿಕೆಯ ಮೇಲೆ ಯಾರೂ ನುಡಿಸುತ್ತಿಲ್ಲ, ಎರಡು ಗುಂಪಿನ ನಡುವಿನ ಗಾಳಿಯಲ್ಲಿ ಅದು ಹುಟ್ಟುತ್ತದೆ. ಮೈ ಜುಮ್ಮೆಂದಿತು. ಇಷ್ಟು ವರ್ಷ ಕೇಳಿದ ಕೃತಿ ಬಿಚ್ಚಿ ತೋರಿಸಿಕೊಂಡಂತಾಯಿತು. ಆದರೆ ಧಾಟಿ ಮತ್ತೆ ಬರುವಾಗ ಈ ಹಂಚಿಕೆಯಿಲ್ಲ, ಇಡಿಯಾಗಿ ಮೊದಲ ಪಿಟೀಲಿನವರ ಪಾಲು. ಗೆಳತಿ ನನ್ನ ತೋಳು ಚಿವುಟಿ, "ನೋಡಿದೆಯಾ, ಕಸಿದುಕೊಂಡರು" ಎಂದು ಪಿಸುಗುಟ್ಟಿದಳು. ಮುಂದೆ ಗಾಂಗಿನ ಒಂದೇ ಒಂದು ಮೆಲುಹೊಡೆತ, ಟ್ರೊಂಬೋನ್‌ಗಳ ಪ್ರಾರ್ಥನೆ, ಚೆಲ್ಲೊ ಮತ್ತು ಬಾಸ್‌ಗಳಲ್ಲಿ ಕರಗುವ ಮುಕ್ತಾಯ.

ಹೊರಗೆ ಬರುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ಸಾವು ಅವನಿಗೆ ಮೊದಲೇ ಗೊತ್ತಾಗಿತ್ತು. ಪುಸ್ತಿಕೆಯೂ ಹಾಗೆಯೇ ಹೇಳುತ್ತಿತ್ತು. ಚೈಕೋವ್ಸ್ಕಿ ಇದನ್ನು ಆರಂಭಿಸಿದ್ದು 1893ರ ಫೆಬ್ರುವರಿಯಲ್ಲಿ, ಮುಗಿಸಿದ್ದು ಆಗಸ್ಟ್‌ನಲ್ಲಿ. ಅಕ್ಟೋಬರ್ 28ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ತಾನೇ ನಿಂತು ನಡೆಸಿದಾಗ ಜನ ತುಸು ಗೊಂದಲಗೊಂಡರೇ ಹೊರತು ಕಣ್ಣೀರಿಡಲಿಲ್ಲ. ನವೆಂಬರ್ 6ರಂದು ಅವನು ತೀರಿಕೊಂಡ, ಕಾಲರಾ ಎಂದು ವರದಿಯಾಯಿತು. ಆ ತಿಂಗಳೇ ಅದನ್ನು ಮತ್ತೆ ನುಡಿಸಿದಾಗ ಸಭೆಗೆ ಅದು ಚರಮಗೀತೆಯಾಗಿ ಕೇಳಿಸಿತು. ಸ್ವರಗಳು ಅವೇ, ಬದಲಾದದ್ದು ಕೇಳುವವರಿಗೆ ತಿಳಿದಿದ್ದ ಸುದ್ದಿ. ಆ ಸುದ್ದಿ ಮಾಡಿದ ಕೆಲಸವನ್ನೇ ಈಗ ಸೀಸನ್ನಿನ ಹೆಸರು ಮಾಡುತ್ತಿದೆ ಎಂಬುದು ನನ್ನ ವಾದ.

ಗೆಳತಿ ಒಪ್ಪಲಿಲ್ಲ. "ಹೆಸರಿಲ್ಲದಿದ್ದರೆ ಹೈಡನ್ನನ್ನೂ ಚೈಕೋವ್ಸ್ಕಿಯನ್ನೂ ಒಂದೇ ಸಂಜೆ ಅಕ್ಕಪಕ್ಕ ಯಾರು ಕೂರಿಸುತ್ತಿದ್ದರು?" ಎಂದಳು. ಅದು ನಿಜ. ಒಂದರಲ್ಲಿ ವಾದ್ಯಗಳು ಒಂದೊಂದಾಗಿ ಎದ್ದು ಹೋಗುತ್ತವೆ, ಇನ್ನೊಂದರಲ್ಲಿ ಎಲ್ಲರೂ ಕೂತಿದ್ದಂತೆಯೇ ಸಂಗೀತ ಹೊರಟುಹೋಗುತ್ತದೆ. ಈ ಜೋಡಿ ನನಗೆ ತಾನಾಗಿ ಹೊಳೆಯುತ್ತಿರಲಿಲ್ಲ.

ಆದರೂ ಮುಂದಿನ ಕಛೇರಿಗೆ ಶೂಬರ್ಟ್‌ನ 'ಅಪೂರ್ಣ' ಸಿಂಫನಿಯನ್ನು ಹಾಕಿರುವುದನ್ನು ಕ್ಷಮಿಸಲಾರೆ. ಎರಡು ಭಾಗ ಬರೆದು ಅವನು ಅದನ್ನು ಕೈಬಿಟ್ಟದ್ದು 1822ರಲ್ಲಿ. ಸತ್ತದ್ದು 1828ರಲ್ಲಿ, ಅದೂ ಮತ್ತೊಂದು ದೊಡ್ಡ ಸಿಂಫನಿಯನ್ನು ಬರೆದು ಮುಗಿಸಿದ ಮೇಲೆ. ಇದರಲ್ಲಿ ವಿದಾಯ ಎಲ್ಲಿದೆ ಎಂದು ಗೆಳತಿಯನ್ನು ಕೇಳಿದೆ.

"ಟಿಕೆಟ್ ತೆಗೆದಾಗಿದೆ, ಜಗಳವಾಡುವುದಕ್ಕಾದರೂ ಬಾ" ಎಂದಳು.